ಈಶಾನ್ಯದ ಮೆಟ್ಟಿಲು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಮೆಟ್ಟಿಲಿನ ಕೆಳಗೆ. ಅಲ್ಲಿ ಏನು ತುಂಬಿಟ್ಟಿದ್ದಾರೆ ಎಂದು ನೋಡದಿದ್ದರೆ ಕೊಟ್ಟ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಗೃಹಪ್ರವೇಶಕ್ಕೆ ಬಂದ ಹೆಂಗಸರೆಲ್ಲ ಅಡುಗೆಮನೆಯ ಗ್ರಾನೈಟ್ ಸವರಿ ನೋಡುತ್ತಿರುವಾಗ ನಾನು ಮೀಟರ್ ಬೋರ್ಡಿನ ಮುಂದೆ ನಿಂತಿರುತ್ತೇನೆ. ಗ್ಯಾಸ್ ಸಿಲಿಂಡರ್ ಒಳಗಿದೆಯೋ ಹೊರಗಿದೆಯೋ, ಕಿಟಕಿಯ ಗ್ರಿಲ್ ತೆಗೆಯಲು ಬರುತ್ತದೋ ಇಲ್ಲವೋ, ಪಕ್ಕದ ಮನೆಯ ಗೋಡೆ ಎಷ್ಟು ಹತ್ತಿರ. ನನ್ನ ಗಂಡ ಇದನ್ನು ನೆಂಟರ ಮುಂದೆ ಹೇಳಿ ನಗಿಸುತ್ತಾರೆ. "ಇವಳನ್ನ ಮದುವೆಗೆ ಕರ್ಕೊಂಡು ಹೋದ್ರೆ ಹೆಣ್ಣು ನೋಡಲ್ಲ, ಗಂಡು ನೋಡಲ್ಲ, ಶಾಮಿಯಾನದ ವೈರ್ ನೋಡ್ಕೊಂಡು ಬರ್ತಾಳೆ." ನಗುವವರು ನಗಲಿ. ನನಗೆ ಸಂಬಳ ಬರುವುದೇ ಕೆಟ್ಟದ್ದನ್ನು ಮೊದಲು ಯೋಚಿಸುವುದಕ್ಕೆ.

ನಾನಿರುವುದು ದೇವನಹಳ್ಳಿಯಲ್ಲಿ, ಒಂದು ವಿಮಾ ಕಂಪನಿಯ ಅಂಡರ್‌ರೈಟಿಂಗ್ ವಿಭಾಗದಲ್ಲಿ. ನಮ್ಮಮ್ಮನಿಗೆ ಈ ಪದಕ್ಕೆ ಇವತ್ತಿಗೂ ನಾಲಿಗೆ ಹೊರಳಿಲ್ಲ. "ಇನ್ಶೂರೆನ್ಸಲ್ಲವ್ಳೆ" ಎಂದುಬಿಡುತ್ತಾಳೆ. ಕೇಳಿದವರು ನಾನು ಪಾಲಿಸಿ ಮಾರುವವಳು ಎಂದುಕೊಂಡು ಮುಂದಿನ ಸಲ ನನ್ನನ್ನು ಕಂಡರೆ ರಸ್ತೆಯ ಆ ಕಡೆಗೆ ದಾಟುತ್ತಾರೆ. ಮಾರುವವರು ಏಜೆಂಟರು. ಅವರು ತಂದದ್ದನ್ನು ತೆಗೆದುಕೊಳ್ಳಬೇಕೋ ಬೇಡವೋ, ತೆಗೆದುಕೊಂಡರೆ ಎಷ್ಟು ಪ್ರೀಮಿಯಂ, ಯಾವ ಷರತ್ತು ಎಂದು ಹೇಳುವವಳು ನಾನು. ಲೆಕ್ಕ ಸರಳ. ನೂರಾರು ಜನ ಸ್ವಲ್ಪ ಸ್ವಲ್ಪ ಹಾಕುತ್ತಾರೆ, ಅವರಲ್ಲಿ ಯಾರ ಮನೆಗೆ ಬೆಂಕಿ ಬಿದ್ದರೂ ಆ ರಾಶಿಯಿಂದ ಎತ್ತಿ ಕೊಡುತ್ತೇವೆ. ಬೆಂಕಿ ಬೀಳಲು ಕಾದು ಕುಳಿತಿರುವ ಮನೆಯನ್ನೂ ಎಚ್ಚರದಿಂದಿರುವವನ ಮನೆಯನ್ನೂ ಒಂದೇ ದರದಲ್ಲಿ ಸೇರಿಸಿಕೊಂಡರೆ ಎಚ್ಚರದಿಂದಿರುವವನಿಗೆ ಮೋಸ. ಆದ್ದರಿಂದ ಬೇರ್ಪಡಿಸಬೇಕು. ಕೆಲವರಿಗೆ ಹೆಚ್ಚು ದರ, ಕೆಲವರಿಗೆ ಷರತ್ತು, ಕೆಲವರಿಗೆ ಕೈಮುಗಿದು ಬೇಡ ಎನ್ನುವುದು.

ಈ ಬೇರ್ಪಡಿಸುವುದನ್ನು ನನಗೆ ಕಲಿಸಿದವರು ಒಬ್ಬ ಹಿರಿಯ ಅಧಿಕಾರಿ. ಪಕ್ಕದ ವಿಜಯಪುರದ ರೇಷ್ಮೆ ಹುರಿ ಮಾಡುವ ಶೆಡ್ಡುಗಳಿಗೆ ನನ್ನನ್ನು ಸರ್ಕಾರಿ ಬಸ್ಸಿನಲ್ಲೇ ಕರೆದುಕೊಂಡು ಹೋಗುತ್ತಿದ್ದರು. ಕಾರಿನಲ್ಲಿ ಹೋದರೆ ದೂರದಿಂದಲೇ ಗೊತ್ತಾಗಿ ಮಾಲೀಕನಿಗೆ ಗುಡಿಸಿಡಲು ಸಮಯ ಸಿಗುತ್ತದಂತೆ. "ಮಾಲೀಕ ತೋರಿಸಿದ್ದನ್ನ ನೋಡ್ಬೇಡಮ್ಮ. ಅವನು ಎಲ್ಲಿ ಅಡ್ಡ ನಿಂತ್ಕೋತಾನೋ ಅಲ್ಲಿ ನೋಡು," ಎನ್ನುತ್ತಿದ್ದರು. ಇಡೀ ವ್ಯವಹಾರ ನಂಬಿಕೆಯ ಮೇಲೆ ನಿಂತಿದೆ, ಗಿರಾಕಿ ತನಗೆ ಗೊತ್ತಿರುವ ಅಪಾಯವನ್ನೆಲ್ಲ ತಾನಾಗಿ ಬಾಯಿಬಿಟ್ಟು ಹೇಳಬೇಕು, ಮುಚ್ಚಿಟ್ಟರೆ ಪಾಲಿಸಿ ಇದ್ದೂ ಇಲ್ಲದ ಹಾಗೆ ಎಂದು ಪಾಠ ಹೇಳಿದವರೂ ಅವರೇ. ಪಾಠ ಹೇಳುತ್ತಲೇ ಮಾಲೀಕನ ಬೆನ್ನ ಹಿಂದೆ ಇಣುಕುತ್ತಿದ್ದರು.

ಇಷ್ಟು ಹೇಳಿದ್ದು ನನ್ನ ತಂಗಿಯ ವಿಷಯಕ್ಕೆ ಬರಲು.

ನಮ್ಮ ತವರು ತೂಬಗೆರೆ ಹತ್ತಿರ. ತಂಗಿಗೆ ಗಂಡು ಗೊತ್ತಾದದ್ದು ದೊಡ್ಡಬಳ್ಳಾಪುರದಲ್ಲಿ. ನಮ್ಮ ಕಡೆಯವರೇ, ಬೇಸಾಯ ಬಿಟ್ಟು ಪೇಟೆಗೆ ಬಂದು ವಿದ್ಯುತ್ ಮಗ್ಗ ಹಾಕಿಕೊಂಡವರು. ಹುಡುಗ ಒಳ್ಳೆಯವನು, ಮಾತು ಕಡಿಮೆ, ಒಬ್ಬನೇ ಮಗ. ಅವರು ಬಂದು ಹೆಣ್ಣು ನೋಡಿ ಒಪ್ಪಿ ಹೋದ ಮೇಲೆ, ನಮ್ಮಲ್ಲಿ ನಡೆದುಕೊಂಡು ಬಂದ ಹಾಗೆ, ನಾವು ಮನೆ ನೋಡಲು ಹೋದೆವು. ಹೆಣ್ಣಿನ ಕಡೆಯವರು ಹೋಗಿ ಜಮೀನೆಷ್ಟು, ಬೋರ್‌ವೆಲ್‌ನಲ್ಲಿ ನೀರಿದೆಯೋ, ಮನೆಯಲ್ಲಿ ಜನರೆಷ್ಟು ಎಂದು ನೋಡಿಕೊಂಡು ಊಟ ಮಾಡಿ ಬರುವ ಶಾಸ್ತ್ರ ಅದು. ಅಪ್ಪ ಮಗ್ಗಗಳನ್ನು ನೋಡಿ ತಲೆಯಾಡಿಸಿದರು. ಅಮ್ಮ ಅಡುಗೆಮನೆ ನೋಡಿದಳು. ನಾನು ಮಾತ್ರ ನೋಡಬಾರದ್ದನ್ನೆಲ್ಲ ನೋಡಿದೆ.

ಕೆಳಗೆ ಮಗ್ಗಗಳು, ಮೇಲೆ ವಾಸ. ಮಗ್ಗದ ಮನೆಯನ್ನು ದಾಟಿಯೇ ಹಿಂಬದಿಯ ಮೆಟ್ಟಿಲು ಹತ್ತಬೇಕು. ಮೆಟ್ಟಿಲಿನ ಕೆಳಗೆ ನೂಲಿನ ಚೀಲಗಳು ಛಾವಣಿಗೆ ತಾಗುವಷ್ಟು, ಅದರ ಪಕ್ಕದಲ್ಲಿ ಮಗ್ಗಕ್ಕೆ ಬಿಡುವ ಎಣ್ಣೆಯ ಡಬ್ಬ. ತೊಲೆಗಳ ಮೇಲೆ, ಟ್ಯೂಬ್‌ಲೈಟಿನ ಮೇಲೆ, ವೈರುಗಳ ಮೇಲೆ ನೂಲಿನ ಜುಂಗು ಬೂದು ಬಣ್ಣಕ್ಕೆ ತಿರುಗಿ ಜೋತು ಬಿದ್ದಿತ್ತು. ಆ ಜುಂಗಿಗೆ ಒಂದು ಕಿಡಿ ಸಾಕು, ಕಣ್ಣು ಮಿಟುಕಿಸುವುದರೊಳಗೆ ಈ ಗೋಡೆಯಿಂದ ಆ ಗೋಡೆಗೆ ಓಡುತ್ತದೆ. ಹುಡುಗನ ಅಪ್ಪ ಎಲ್ಲವನ್ನೂ ಹೆಮ್ಮೆಯಿಂದ ತೋರಿಸಿದರು. ಸ್ವಿಚ್ ಬೋರ್ಡಿನ ಬಳಿ ಬಂದಾಗ ಮಾತ್ರ ಅದಕ್ಕೆ ಬೆನ್ನು ಕೊಟ್ಟು ನಿಂತು ಅಪ್ಪನಿಗೆ ಸೀರೆಯ ಸೆರಗು ಬಿಡಿಸಿ ತೋರಿಸತೊಡಗಿದರು. ನಾನು ಪಕ್ಕಕ್ಕೆ ಸರಿದು ಇಣುಕಿದೆ. ಫ್ಯೂಸಿನ ತೆಳು ತಂತಿ ಇರಬೇಕಾದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದರು. ಮಗ್ಗ ನಡುನಡುವೆ ನಿಲ್ಲಬಾರದು ಎಂದು ಇಲ್ಲಿ ಬಹಳ ಜನ ಮಾಡುವುದೇ ಅದು. ಫ್ಯೂಸ್ ಸುಡುವುದಿಲ್ಲ. ಸುಡುವುದು ಬೇರೆ ಏನಾದರೂ.

ಊಟವಾದ ಮೇಲೆ ಹೊರಗೆ ಕೈ ತೊಳೆಯುವಾಗ ಗೋಡೆಯ ಮೇಲೆ ಓರೆಯಾಗಿ ಹೊಸ ಗಾರೆ ಮೆತ್ತಿದ ಗುರುತು ಕಾಣಿಸಿತು. ಕೆಳಗಿನಿಂದ ಮಹಡಿಯವರೆಗೆ.

"ಮಾವ, ಇಲ್ಲಿ ಮೆಟ್ಟಿಲಿತ್ತಾ?" ಎಂದೆ.

"ಇತ್ತಮ್ಮ. ಒಡಿಸ್ಬಿಟ್ಟೆ. ಈಶಾನ್ಯದಲ್ಲಿ ಭಾರ ಇರಬಾರ್ದಂತೆ. ಎಲ್ಡು ವರ್ಷ ವ್ಯಾಪಾರ ಕೈ ಹಿಡೀಲಿಲ್ಲ, ನಮ್ಮೋಳ್ಗೆ ಹುಷಾರಿಲ್ಲ. ವಾಸ್ತು ನೋಡೋರ್ನ ಕರ್ಸಿದೆ. ಬಾಗಿಲಿಗೆ ಬರ್ತಿದ್ದಂಗೇ ಹೇಳಿದ್ರು ನೋಡು, ಈ ಮೆಟ್ಲೇ ಮನೇಗೆ ಕಂಟಕ ಅಂತ. ಬಾಗಿಲಿರೋ ಜಾಗಕ್ಕೂ ಇಟ್ಟಿಗೆ ಕಟ್ಟಿಸ್ದೆ. ಆಮೇಲೆ ಎಲ್ಲಾ ಸರಿಹೋಯ್ತು."

ಹೊರಗಿನಿಂದ ನೇರವಾಗಿ ಬೀದಿಗೆ ಇಳಿಯುವ ಮೆಟ್ಟಿಲು. ಆ ಮನೆಯಲ್ಲಿ ಜೀವ ಉಳಿಸಬಹುದಾಗಿದ್ದ ವಸ್ತು ಅದೊಂದೇ. ಅಪಾಯ ಕಳೆಯಲೆಂದು ದುಡ್ಡು ಕೊಟ್ಟು ಅದನ್ನೇ ಒಡೆಸಿದ್ದರು. ಈಗ ಮೇಲಿರುವವರಿಗೆ ಕೆಳಗಿಳಿಯಲು ಉಳಿದಿರುವುದು ನೂಲಿನ ಚೀಲಗಳ ಮೇಲಿನ ಮೆಟ್ಟಿಲು ಮಾತ್ರ. ಸುಮ್ಮನಿರಲಾಗದೆ ಕೇಳಿಯೇಬಿಟ್ಟೆ, "ಕೆಳಗೆ ಏನಾದ್ರೂ ಹತ್ಕೊಂಡ್ರೆ ಮೇಲಿರೋರು ಹೆಂಗಿಳೀತಾರೆ ಮಾವ?"

ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹುಡುಗನ ಅಮ್ಮ ತಟ್ಟೆ ಹಿಡಿದವರು ಹಾಗೇ ನಿಂತುಬಿಟ್ಟರು. "ಬಿಡ್ತು ಅನ್ನಮ್ಮ. ಒಳ್ಳೆ ಕೆಲ್ಸಕ್ಕೆ ಬಂದು ಅದೇನ್ ಮಾತು," ಎಂದರು. ಬಿಡ್ತು ಎಂದೆ. ಬಸ್ಸಿನಲ್ಲಿ ಅಮ್ಮ ನನ್ನ ಜೊತೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಆ ಮನೆ ಬೇಡ ಎಂದು ನಾನು ಹಟ ಹಿಡಿದೆ. ಹುಡುಗನಲ್ಲಿ ಏನು ದೋಷ ಹೇಳು ಎಂದರು ಅಪ್ಪ. ಹುಡುಗನಲ್ಲಿ ದೋಷವಿರಲಿಲ್ಲ. ಮೆಟ್ಟಿಲಿಲ್ಲ ಎಂದು ಸಂಬಂಧ ಬಿಟ್ಟವರು ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದಾರೆಯೇ? ತಂಗಿಗೆ ಹುಡುಗ ಇಷ್ಟವಾಗಿದ್ದ. "ಅಕ್ಕ, ನಿಂಗೆ ಎಲ್ನೋಡಿದ್ರೂ ಹೊಗೇನೇ," ಎಂದು ನನ್ನ ಕೆನ್ನೆ ಚಿವುಟಿದಳು. ಮದುವೆ ಚೆನ್ನಾಗಿಯೇ ಆಯಿತು.

ಆಮೇಲೆ ನಾನು ಆ ಮನೆಗೆ ಹೋದಾಗಲೆಲ್ಲ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಮಗ್ಗ ಓಡುತ್ತಿದ್ದರೆ ಮೇಲಿನ ನೆಲ ಅದುರುತ್ತದೆ. ನೀರಿನ ಲೋಟದಲ್ಲಿ ಸಣ್ಣ ಅಲೆ ಏಳುತ್ತಲೇ ಇರುತ್ತದೆ. ಆ ಸದ್ದಿಗೆ ತಂಗಿ ಎಷ್ಟು ಒಗ್ಗಿಹೋದಳೆಂದರೆ ಕರೆಂಟು ಹೋಗಿ ಮಗ್ಗ ನಿಂತಾಗ ಬೆಚ್ಚಿಬೀಳುತ್ತಿದ್ದಳು. ನಾನು ಬೆಚ್ಚುತ್ತಿದ್ದದ್ದು ಕರೆಂಟು ಬಂದಾಗ. ಒಮ್ಮೆಗೇ ಎಲ್ಲ ಮೋಟಾರುಗಳೂ ಎಳೆಯತೊಡಗಿದಾಗ ಬೋರ್ಡಿನ ಒಳಗೆ ಏನಾಗುತ್ತದೆಂದು ನನಗೆ ಗೊತ್ತು. ಒಂದು ಮಧ್ಯಾಹ್ನ ಹೀಗೆ ಕರೆಂಟು ಬಂದ ಗಳಿಗೆಯಲ್ಲಿ ಕೆಳಗಿನಿಂದ ಬೆಂದ ರಬ್ಬರಿನ ವಾಸನೆ ಬಂತು. ಎದ್ದು ನಿಂತೆ. ತಂಗಿ ಬೇಳೆ ಆರಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ದಿನಾ ಬರುತ್ತಕ್ಕ ಅದು. ಕೂತ್ಕೋ," ಎಂದಳು. ಕೂತೆ, ಆದರೆ ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ಒಮ್ಮೆ ನೋಡಿಕೊಂಡೇ ಕೂತೆ.

ನಮ್ಮ ವಿದ್ಯೆಯಲ್ಲಿ ಇನ್ನೊಂದು ನಿಯಮವಿದೆ. ಯಾವುದು ಹೋದರೆ ನಿನಗೆ ನಷ್ಟವೋ ಅದಕ್ಕೆ ಮಾತ್ರ ನೀನು ವಿಮೆ ಮಾಡಿಸಬಹುದು. ಪಕ್ಕದವನ ಮನೆಗೆ, ಊರಿನ ಗುಡಿಗೆ ಮಾಡಿಸಲು ಬರುವುದಿಲ್ಲ, ನಿನಗೆ ಅದರಲ್ಲಿ ಏನು ಹಿತ ಎಂದು ಕೇಳುತ್ತಾರೆ. ತಂಗಿ ಆ ಮನೆ ಸೇರಿದ ಮೇಲೆ ನನ್ನ ಸ್ಥಿತಿಯೂ ಅದೇ ಆಯಿತು. ಅವರ ಮನೆ, ಅವರ ಮಗ್ಗ, ಅವರ ಸೊಸೆ. ನಾನು ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋಗುವ ನೆಂಟಳು. ಮಲಗಿದರೆ ಕಣ್ಣ ಮುಂದೆ ಆ ಚೀಲಗಳೇ ಬರುತ್ತಿದ್ದವು.

ಅಷ್ಟರಲ್ಲಿ ಹೊಸ ಮಗ್ಗ ಕೊಳ್ಳಲು ಸಾಲಕ್ಕೆ ಹೋದರೆ ಬ್ಯಾಂಕಿನವರು ವಿಮೆ ಮಾಡಿಸಿ ಬನ್ನಿ ಎಂದರು. ತಂಗಿಯ ಮಾವ ಸೀದಾ ನಮ್ಮ ಕಚೇರಿಗೆ ಬಂದರು, ಬಾಳೆಹಣ್ಣಿನ ಚಿಪ್ಪಿನ ಸಮೇತ. ನಮ್ಮ ಹುಡುಗಿಯೇ ಇಲ್ಲಿದ್ದಾಳೆ, ಐದು ನಿಮಿಷದ ಕೆಲಸ ಎಂದುಕೊಂಡು ಬಂದಿದ್ದರು. ನನಗೆ ಒಳಗೊಳಗೇ ಜೀವ ಬಂದ ಹಾಗಾಯಿತು. ನೆಂಟಳಾಗಿ ಹೇಳಿದ್ದು ಅಪಶಕುನವಾಗಿತ್ತು, ಕಂಪನಿಯಾಗಿ ಹೇಳಿದರೆ ಷರತ್ತಾಗುತ್ತದೆ. ನೆಂಟರ ಕಡತವನ್ನು ನಾನೇ ನೋಡುವಂತಿಲ್ಲ. ಸಂಬಂಧ ಇದೆ ಎಂದು ಮೇಲಿನವರಿಗೆ ಬರೆದುಕೊಟ್ಟು ಹೊಸಕೋಟೆಯ ನನ್ನ ಸಹೋದ್ಯೋಗಿಗೆ ಒಪ್ಪಿಸಿದೆ. ಅವನು ಎಲ್ಲರನ್ನೂ ಗುರು ಗುರು ಎನ್ನುತ್ತ ತಮಾಷೆಯಲ್ಲಿರುವವನು. ಮನೆ ನೋಡಿಕೊಂಡು ಬಂದ ದಿನ ಬೈಕಿನ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತ.

"ಮೇಡಂ, ಮೇಲೆ ನಿಮ್ಮ ತಂಗೀನಾ ಇರೋದು?"

"ಹೂಂ."

"ಅಲ್ಲ, ಮಗ್ಗ ಸುಟ್ರೆ ಮಗ್ಗಕ್ಕೆ ದುಡ್ಡು ಕೊಡ್ಬೋದು. ನೂಲಿಗೂ ಕೊಡ್ಬೋದು." ಅವನು ಕಡತ ಎಳೆದುಕೊಂಡ. ನೂಲನ್ನು ಬೇರೆ ಕಡೆ ಸಾಗಿಸಬೇಕು, ವೈರಿಂಗ್ ಹೊಸದಾಗಿ ಮಾಡಿಸಬೇಕು, ಮೇಲಿನಿಂದ ಇಳಿಯಲು ಇನ್ನೊಂದು ದಾರಿ ಬೇಕು; ಆಗದಿದ್ದರೆ ಬೇಡ ಎಂದು ಬರೆದ. ನಾನು ಬರೆದಿದ್ದರೂ ಅದನ್ನೇ ಬರೆಯುತ್ತಿದ್ದೆ. ಆ ಕಾಗದ ಹೋದ ದಿನ ದೇವರಿಗೆ ಕೈ ಮುಗಿದೆ.

ನನ್ನ ಲೆಕ್ಕ ತಪ್ಪಿತು. ತಂಗಿಯ ಮಾವ ಆ ಕಾಗದವನ್ನು ಅವಮಾನ ಎಂದು ತೆಗೆದುಕೊಂಡರು. "ನಮ್ಮನೆ ಹೆಣ್ಣು ಅಲ್ಲಿದ್ಕೊಂಡು ಹಿಂಗ್ ಮಾಡೋದಾ?" ಎಂದು ಬೀಗರ ಕಡೆಯೆಲ್ಲ ಹಬ್ಬಿಸಿದರು. ವಾರ ಕಳೆಯುವುದರೊಳಗೆ ಬೇರೊಂದು ಕಂಪನಿಯ ಪಾಲಿಸಿ ತಂದರು. ಈಗ ಅದಕ್ಕೆ ಯಾರೂ ಮನೆಗೆ ಬರಬೇಕಾಗಿಲ್ಲ, ಫೋನಿನಲ್ಲಿ ವಿಡಿಯೋ ಕಳಿಸಿದರೆ ಸಾಕು. ನಾನು ಹೋದಾಗ ಪಾಲಿಸಿಯ ಪ್ರತಿ ದೇವರ ಗೂಡಿನಲ್ಲಿತ್ತು, ಮೂಲೆಗೆ ಕುಂಕುಮ ಹಚ್ಚಿ. "ನೋಡಮ್ಮ, ಇನ್ನೇನ್ ಭಯ? ನಿಮ್ಮೋರ್ ಕೊಡ್ದಿದ್ರೆ ಇನ್ನೊಬ್ರು ಕೊಟ್ರು," ಎಂದು ನಕ್ಕರು. ಮೆಟ್ಟಿಲಿನ ಕೆಳಗಿನ ಚೀಲಗಳು ಈಗ ಮೆಟ್ಟಿಲಿನ ಮೇಲೂ ಬಂದಿದ್ದವು, ಒಂದೊಂದು ಮೆಟ್ಟಿಲಿಗೆ ಒಂದೊಂದು, ಗೋಡೆಗೆ ಒತ್ತಿಕೊಂಡು. ಹತ್ತುವಾಗ ಸೀರೆ ಎತ್ತಿ ಹಿಡಿದು ಪಕ್ಕಕ್ಕೆ ತಿರುಗಬೇಕು. ಪಾಲಿಸಿ ಬಂದ ಮೇಲೆ ಎಚ್ಚರ ತಪ್ಪುವವರನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಆ ಮನುಷ್ಯನಲ್ಲಿ ಕೇಡಿರಲಿಲ್ಲ. ತಾಯಿತ ಕಟ್ಟಿಸಿಕೊಂಡವನಿಗೆ ಬರುವ ಧೈರ್ಯ ಅದು.

"ವಿಡಿಯೋ ಯಾರು ಮಾಡಿದ್ದೇ?" ಎಂದು ಮೇಲೆ ಹೋಗಿ ತಂಗಿಯನ್ನು ಕೇಳಿದೆ.

"ನಾನೇ. ಮಾವಂಗೆ ಫೋನ್ ಹಿಡ್ಯೋಕ್ ಬರಲ್ಲ." ಅವಳು ನನ್ನ ಮುಖ ನೋಡದೆ ಮೊರದ ಕಡೆ ನೋಡುತ್ತಿದ್ದಳು. "ಏಜೆಂಟು ಆ ಕಡೆಯಿಂದ ಹೇಳ್ತಿದ್ದ. ಮಗ್ಗ ತೋರ್ಸಿ, ಬಾಗ್ಲು ತೋರ್ಸಿ, ಮೆಟ್ಲ್ ಕಡೆ ತಿರುಗ್ಬೇಡಿ ಅಂತ. ಮೇಲೆ ಏನಿದೆ ಅಂತ ಒಂದು ಕಾಲಂ ಇತ್ತಂತೆ. ಖಾಲಿ ಟೆರೇಸ್ ಅಂತ ಹಾಕ್ತೀನಿ, ಪ್ರೀಮಿಯಂ ಕಮ್ಮಿ ಆಗುತ್ತೆ ಅಂದ. ಮಾವ ಹೂಂ ಅಂದ್ರು."

"ನೀನು?"

"ನಾನೇನನ್ಲಿ? ಫೋನ್ ಹಿಡ್ಕೊಂಡಿದ್ದೆ."

ಅಂದರೆ ಆ ಪಾಲಿಸಿಯ ಪ್ರಕಾರ ಮೇಲೆ ಯಾರೂ ಇಲ್ಲ. ಮಂಚವಿಲ್ಲ, ಒಲೆಯಿಲ್ಲ, ನನ್ನ ತಂಗಿಯಿಲ್ಲ. ನನಗೆ ಸಿಟ್ಟು ತಲೆಗೇರಿತು. ಕೆಳಗಿಳಿದು ಬಂದು ಮಾವನ ಮುಂದೆ ನಿಂತು ಹೇಳಿದೆ, "ಜನ ವಾಸ ಇರೋದನ್ನ ಮುಚ್ಚಿಟ್ರೆ ನಾಳೆ ಏನಾದ್ರೂ ಆದಾಗ ಅವ್ರು ಒಂದ್ರುಪಾಯಿ ಕೊಡಲ್ಲ ಮಾವ. ದುಡ್ಡಿನ ಮಾತು ಬಿಡಿ. ಆ ಚೀಲಗಳನ್ನಾದ್ರೂ ತೆಗ್ಸಿ." ಅವರು ಕಿವಿಯ ಬಳಿ ಕೈಯಿಟ್ಟುಕೊಂಡು, ಮಗ್ಗದ ಸದ್ದಿನಲ್ಲಿ ಏನೂ ಕೇಳಿಸುತ್ತಿಲ್ಲವೆಂದು ಸನ್ನೆ ಮಾಡಿದರು. ಕೇಳಿಸಿತ್ತು.

ಕೊನೆಗೆ ನಾನು ಆ ವಾಸ್ತು ನೋಡುವವರ ಮನೆಗೇ ಹೋದೆ. ಯಾರಿಗೂ ಹೇಳದೆ. ಮೆಟ್ಟಿಲು ಒಡೆಸಿದವರೇ ಕಟ್ಟಿಸಲೂ ಬಲ್ಲರು ಎಂದುಕೊಂಡೆ. ವಯಸ್ಸಾದವರು, ಸಭ್ಯಸ್ಥರು, ಮಜ್ಜಿಗೆ ಕೊಡಿಸಿದರು. ನಾನು ಯಾರೆಂದು ಹೇಳಿ, ಮನೆಯ ನಕ್ಷೆ ಬರೆದು ತೋರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಮೇಲೆ ಯಾರ್ ಮಲಗ್ತಾರಮ್ಮ?" ನಾನೂ ಎಲ್ಲ ಕಡೆ ಮೊದಲು ಕೇಳುವುದು ಅದನ್ನೇ. ಇಬ್ಬರದೂ ಒಂದೇ ಕಸುಬು, ಮನೆಯಲ್ಲಿ ಕೇಡು ಎಲ್ಲಿ ಅಡಗಿದೆ ಎಂದು ಹುಡುಕುವುದು. ಅವರ ಮಾತನ್ನು ಜನ ನಂಬುತ್ತಿದ್ದರು, ಅಷ್ಟೇ ವ್ಯತ್ಯಾಸ.

"ಈಶಾನ್ಯದಲ್ಲಿ ಬೇಡ. ಆಗ್ನೇಯದಲ್ಲಿ ಹಾಕ್ಬೋದು," ಎಂದರು.

"ಅಲ್ಲಿ ಕರೆಂಟ್ ಕಂಬ ಇದೆ ಸಾರ್. ವೈರು ಕೈಗೆ ಸಿಗೋ ಹಂಗಿದೆ."

"ನೈಋತ್ಯ?"

"ಪಕ್ಕದ ಮನೆ ಗೋಡೆ ಅಂಟ್ಕೊಂಡಿದೆ. ವಾಯವ್ಯದಲ್ಲೂ ಅಷ್ಟೇ."

ಅವರು ನಕ್ಷೆಯನ್ನು ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಕಬ್ಬಿಣದ ಮೆಟ್ಟಿಲಾದರೆ ಭಾರ ಕಡಿಮೆ, ಈಶಾನ್ಯದಲ್ಲೇ ಹಾಕಲು ಏನಾದರೂ ಪರಿಹಾರ ಮಾಡಬಹುದೇ ಎಂದು ನಾನು ಗೋಗರೆದೆ. ಎಷ್ಟೋ ಮಾಲೀಕರು ನನ್ನ ಮುಂದೆ ಹಾಗೇ ಗೋಗರೆದಿದ್ದಾರೆ, ಮೇಡಂ ಇದೊಂದು ಸಲ ಬಿಟ್ಟುಬಿಡಿ ಎಂದು. ನಾನು ಬಿಟ್ಟಿರಲಿಲ್ಲ. ಅವರೂ ಬಿಡಲಿಲ್ಲ. "ನಾನು ಹೂಂ ಅಂದು ಆ ಮನೇಗೆ ಏನಾದ್ರೂ ಆದ್ರೆ ಪಾಪ ಯಾರಿಗಮ್ಮ?" ಎಂದರು. ಅವರು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು. ಅದಕ್ಕೇ ನನಗೆ ಹೆಚ್ಚು ದಿಗಿಲಾಯಿತು.

ಅದಾದ ಸ್ವಲ್ಪ ದಿನಕ್ಕೆ ತಂಗಿ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲಿ. ಅವಳು ತೂಬಗೆರೆಗೆ ಬಂದ ದಿನ ನನಗೆ ಆದ ಸಂತೋಷ ಮಗುವಿನ ಸಂತೋಷ ಎಂದು ಎಲ್ಲರೂ ಅಂದುಕೊಂಡರು. ಅವಳು ಆ ಮಹಡಿಯ ಮೇಲಿಲ್ಲ ಎಂಬುದೇ ನನಗೆ ಹಬ್ಬ. ಭಾನುವಾರಗಳಲ್ಲಿ ಹೋಗಿ ಅಂಗಳದ ಹಲಸಿನ ಮರದಡಿ ಅವಳ ಪಕ್ಕ ಕುಳಿತು, ಅಮ್ಮನ ಸೊಪ್ಪಿನ ಸಾರು ತಿಂದು, ಮಗುವಿನ ಪಾದ ಹಿಡಿದುಕೊಂಡು ಹೊತ್ತು ಕಳೆಯುತ್ತಿದ್ದೆ. ಅಲ್ಲಿ ನೆಲ ಅದುರುತ್ತಿರಲಿಲ್ಲ. ಮಗು ಹೆಣ್ಣು. ಅಮ್ಮನಿಗೆ ಬೇಗ ಬೇಗ ದಿನ ಹೋಗುತ್ತಿವೆ ಎಂಬ ಬೇಸರ, ನನಗೆ ದಿನ ಹೋಗುತ್ತಿವೆ ಎಂಬ ಭಯ.

ಕಳಿಸಿಕೊಡುವ ವಾರ ನಾನು ಅವಳಿಗೆ ನೇರವಾಗಿ ಹೇಳಿದೆ. "ಹೋಗ್ಬೇಡ ಕಣೇ. ಬೇರೆ ಮನೆ ಮಾಡಿ ಅಂತ ಹೇಳು."

"ಹೇಳ್ದೆ. ಒಬ್ನೇ ಮಗ, ಬೇರೆ ಹೋದ್ರೆ ಊರೋರ ಮುಂದೆ ಅಪ್ಪ ತಲೆ ಎತ್ತಂಗಿಲ್ಲ ಅಂತಾರೆ ಇವ್ರು."

"ಹಂಗಾದ್ರೆ ನೀನು ಇಲ್ಲೇ ಇದ್ಬಿಡು. ಮೆಟ್ಲು ಕಟ್ಟಿಸ್ದಾಗ ಬರ್ತೀನಿ ಅನ್ನು."

ಅವಳು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಅಕ್ಕ, ನಿಮ್ ಕಂಪನಿ ಬೇಡ ಅಂತ ಬರ್ದು ಕಳ್ಸಿದ್ರೆ ಮುಗೀತು. ಕಡತ ಮುಚ್ಚಿಟ್ಟು ಊಟಕ್ಕೆ ಹೋಗ್ತೀರ. ನಾನು ಬೇಡ ಅಂದ್ರೆ ಎಲ್ಲಿಗ್ ಹೋಗ್ಲಿ? ಇವ್ಳಿಗೆ ಅಪ್ಪ ಬೇಡ್ವಾ?"

ನಾನು ದಿನಾ ಮಾಡುವ ಕೆಲಸವನ್ನು ಯಾರೂ ನನಗೆ ಹಾಗೆ ಹೇಳಿರಲಿಲ್ಲ. ನಾವು ಬೇಡ ಎಂದ ಮನೆಗಳು ಎಲ್ಲಿಗೂ ಹೋಗುವುದಿಲ್ಲ. ಅಲ್ಲಿ ಜನ ಏಳುತ್ತಾರೆ, ಮಗ್ಗ ಹಾಕುತ್ತಾರೆ, ಮಲಗುತ್ತಾರೆ. ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ, ಅಷ್ಟೇ.

ಒಳ್ಳೆಯ ದಿನ ನೋಡಿ ಕಳಿಸಿಕೊಟ್ಟೆವು. ಅಮ್ಮನ ಕೈಯಲ್ಲಿ ಬಟ್ಟೆಗಂಟು, ನನ್ನ ಕೈಯಲ್ಲಿ ಮಗು. ಬಾಗಿಲಲ್ಲಿ ಆರತಿಯಾಯಿತು, ತಂಗಿಯ ಮಾವ ಮೊಮ್ಮಗಳ ಕೆನ್ನೆ ಮುಟ್ಟಿ ಕಣ್ಣು ಒದ್ದೆ ಮಾಡಿಕೊಂಡರು. ಮನುಷ್ಯ ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ನೆಮ್ಮದಿ ಪಡಬಹುದಿತ್ತು. ಮಗ್ಗಗಳ ನಡುವಿನಿಂದ ಹಾದು, ಚೀಲಗಳಿಗೆ ಮೈ ತಾಗದ ಹಾಗೆ ಪಕ್ಕಕ್ಕೆ ತಿರುಗಿ, ಮಗುವಿನ ತಲೆಯನ್ನು ಎದೆಗೆ ಅವುಚಿಕೊಂಡು ನಾನೇ ಆ ಮೆಟ್ಟಿಲು ಹತ್ತಿದೆ. ಒಂದು ಚೀಲದ ಬಾಯಿ ಬಿಚ್ಚಿಕೊಂಡು ನೂಲಿನ ಎಳೆ ನನ್ನ ಹೆಬ್ಬೆರಳಿಗೆ ಸುತ್ತಿತು. ಕಾಲು ಕೊಡವಿದೆ. ಮಗುವಿನ ಮೂಗಿಗೆ ಎಣ್ಣೆಯ ವಾಸನೆ ಬಡಿದು ಅದು ಸೀನಿತು.

ಎಲ್ಲರೂ ಕೆಳಗೆ ಮಗ್ಗದ ಮನೆಯ ಹಿಂದಿನ ಕೋಣೆಯಲ್ಲಿ ಊಟಕ್ಕೆ ಕುಳಿತಾಗ ತಂಗಿ ನನ್ನನ್ನು ಮೇಲೆಯೇ ತಡೆದಳು. ಮಗು ತೊಟ್ಟಿಲಲ್ಲಿ ನಿದ್ದೆ ಹೋಗಿತ್ತು. ಅವಳು ಕೋಣೆಯ ಬಾಗಿಲು ಹಾಕಿ ಬೀದಿ ಕಡೆಯ ಬಾಲ್ಕನಿಗೆ ಕರೆದುಕೊಂಡು ಹೋದಳು. ಅದಕ್ಕೆ ಕೆಳಗಿಂದ ಮೇಲಿನವರೆಗೂ ಗ್ರಿಲ್. ಗ್ರಿಲ್ಲಿನ ಒಂದು ಮೂಲೆಯಲ್ಲಿ ಈಗ ಸಣ್ಣ ಬಾಗಿಲಿತ್ತು, ಅಗುಳಿ ಸಮೇತ.

"ಯಾವಾಗ ಮಾಡ್ಸಿದ್ದೇ?"

"ಬಸುರಿ ಅಂತ ಗೊತ್ತಾದ್ ವಾರಾನೇ. ಬೆಡ್‌ಶೀಟ್ ಹೊರಗೆ ಒಣಗಾಕ್ಬೇಕು ಅಂದೆ. ಇವ್ರು ಮಾತಾಡ್ದೆ ಕಟ್ ಮಾಡ್ಸಿಕೊಟ್ರು." ಮಂಚದ ಕೆಳಗಿನಿಂದ ಒಂದು ಗಂಟು ಎಳೆದಳು. ಎಳೆ ತಪ್ಪಿ ಮಾರಾಟವಾಗದ ಸೀರೆಗಳು. ಬಿಗಿಯಾಗಿ ಹೆಣೆದು, ಒಂದಕ್ಕೊಂದು ಗಂಟು ಹಾಕಿ, ತುದಿಗೆ ಬಿದಿರಿನ ಬುಟ್ಟಿ ಕಟ್ಟಿದ್ದಳು. ನಾನು ಅವಳ ಮುಖ ನೋಡಿದೆ. ನನಗೆ ಎಲ್ಲಿ ನೋಡಿದರೂ ಹೊಗೆ ಎಂದು ನಗುತ್ತಿದ್ದವಳು ಒಂದು ದಿನವೂ ನನ್ನೊಡನೆ ಇದನ್ನು ಹೇಳಿರಲಿಲ್ಲ. ಹೆದರಿಕೊಂಡೇ ಇದ್ದಳು. ಅಷ್ಟು ದಿನವೂ, ಬೇಳೆ ಆರಿಸುವಾಗಲೂ.

"ನಾನು ಹೆಂಗೋ ಜಾರ್ಕೊಂಡ್ ಇಳೀತೀನಿ. ಇವ್ಳನ್ನ ಎತ್ಕೊಂಡು ಆಗಲ್ಲ, ಎಲ್ಡು ಕೈನೂ ಬೇಕು. ಮೊದ್ಲು ಇವ್ಳನ್ನ ಇಳಿಸ್ಬೇಕು," ಎಂದಳು, ಅಡುಗೆಯ ಮಾತಾಡಿದಷ್ಟು ಸಲೀಸಾಗಿ. ರಾಗಿಹಿಟ್ಟಿನ ಕಾಗದದ ಚೀಲವೊಂದನ್ನು ಎತ್ತಿ ತೂಗಿ ನೋಡಿದಳು. "ಹೆಚ್ಚು ಕಮ್ಮಿ ಇವ್ಳಷ್ಟೇ ಭಾರ ಇದೆ. ನೀನು ಕೆಳಗೋಗಿ ನಿಂತ್ಕೋ ಅಕ್ಕ. ಒಬ್ಳೇ ಇದ್ದಾಗ ಇಳಿಸಿ ನೋಡೋಕಾಗ್ಲಿಲ್ಲ."

ಗಾಡಿಯಲ್ಲಿ ಫೋನ್ ಬಿಟ್ಟಿದ್ದೇನೆ ಎಂದು ಊಟಕ್ಕೆ ಕುಳಿತವರಿಗೆ ಹೇಳಿ ಬೀದಿಗೆ ಬಂದೆ. ಮಧ್ಯಾಹ್ನದ ಬಿಸಿಲು. ಎರಡೂ ಕಡೆಯ ಮನೆಗಳಲ್ಲಿ ಮಗ್ಗ ಓಡುತ್ತಿದ್ದವು, ಕೂಗಿದರೂ ಯಾರಿಗೂ ಕೇಳಿಸುವಂತಿರಲಿಲ್ಲ. ಮೇಲೆ ಗ್ರಿಲ್ಲಿನ ಸಣ್ಣ ಬಾಗಿಲು ತೆರೆಯಿತು. ಬುಟ್ಟಿ ಹೊರಗೆ ಬಂತು. ತಂಗಿ ಗ್ರಿಲ್ಲಿಗೆ ಕಾಲು ಒತ್ತಿ, ಹೆಣೆದ ಸೀರೆಯನ್ನು ಮೊಣಕೈಗೆ ಸುತ್ತಿಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತ ಬಂದಳು. ನಾನು ಕೈಯೆತ್ತಿ ನಿಂತೆ. ಮಗ್ಗದ ಮನೆಯ ಕಿಟಕಿಯ ಸಜ್ಜದವರೆಗೆ ಚೆನ್ನಾಗಿಯೇ ಇಳಿಯಿತು. ಅಲ್ಲಿ ಸಜ್ಜದ ಅಂಚಿಗೆ ಬುಟ್ಟಿಯ ಬಾಯಿ ಸಿಕ್ಕಿಕೊಂಡಿತು. ಅವಳು ಎಳೆದಳು. ಬುಟ್ಟಿ ವಾಲಿತು.

ನಾನು ಮುಂದೆ ಹಾರುವುದರೊಳಗೆ ಚೀಲ ನನ್ನ ಬೆರಳ ತುದಿಗೆ ತಾಗಿ ರಸ್ತೆಗೆ ಬಿದ್ದು ಒಡೆದುಹೋಯಿತು. ಹಿಟ್ಟು ಕಾಲುಗಳ ಸುತ್ತ ಚೆಲ್ಲಿತು. ಎದುರು ಮನೆ ಹೆಂಗಸು ಬಾಗಿಲಿಗೆ ಬಂದು, "ಏನಮ್ಮಾ ಅದು, ಮೇಲಿಂದ ಏನ್ ಬಿತ್ತು?" ಎಂದು ಕೇಳಿದಳು. ರಾಗಿಹಿಟ್ಟು ಎಂದೆ.

ತಲೆಯೆತ್ತಿದೆ. ತಂಗಿ ಗ್ರಿಲ್ಲಿನ ಹಿಂದೆ ಅಲುಗದೆ ನಿಂತಿದ್ದಳು. ಸ್ವಲ್ಪ ಹೊತ್ತು ಕೆಳಗೆ ಚೆಲ್ಲಿದ್ದನ್ನೇ ನೋಡಿದಳು. ಆಮೇಲೆ ಖಾಲಿ ಬುಟ್ಟಿಯನ್ನು ಮೇಲಕ್ಕೆ ಎಳೆದುಕೊಂಡು ಒಳಗೆ ಹೋದಳು. ಹಿಂದಿರುಗಿ ಬಂದಾಗ ಬುಟ್ಟಿಯಲ್ಲಿ ಇನ್ನೊಂದು ಹಿಟ್ಟಿನ ಚೀಲವಿತ್ತು, ಈ ಸಲ ಸೆರಗಿನ ತುಂಡಿನಿಂದ ಬುಟ್ಟಿಗೆ ಅಡ್ಡಡ್ಡ ಬಿಗಿದಿದ್ದಳು. ಏನೋ ಹೇಳಿದಳು. ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ, ತುಟಿಯಿಂದ ಗೊತ್ತಾಯಿತು. ಇನ್ನೊಂದ್ಸಲ.

ಸಜ್ಜದಿಂದ ಒಂದಿಷ್ಟು ಆಚೆ ಸರಿದು, ಹಿಟ್ಟು ಮೆತ್ತಿದ ಕೈಗಳನ್ನು ಚಾಚಿ ನಿಂತೆ.